ಪಿ.ಎಲ್.ಸಿ. ಕೊಳ್ಳುವ ಮುನ್ನ: ಯಾವ ಕಂಪನಿಯದನ್ನು ಆರಿಸಬೇಕು?



ಪಲ್ಪರ್, ಕಾಫಿ ಡ್ರೈಯರ್ ಹಾಗೂ ಅಡಿಕೆ ಒಣಗಿಸುವ ಯಂತ್ರಗಳಿಗೆ ಪಿ.ಎಲ್.ಸಿ. ಎಂಬ ನಿಯಂತ್ರಕವನ್ನು ಅಳವಡಿಸುವ ವಿಚಾರ ಈಚೆಗೆ ಸಂಘದ ಕಚೇರಿಯಲ್ಲಿ ಮೇಲಿಂದ ಮೇಲೆ ಬರುತ್ತಿದೆ. ಆಳುಗಳ ಅಭಾವವೇ ಇದಕ್ಕೆ ಮುಖ್ಯ ಕಾರಣ. ‘ಯಾವ ಕಂಪನಿಯದು ಒಳ್ಳೆಯದು?’ ಎಂಬುದೇ ಎಲ್ಲರ ಪ್ರಶ್ನೆ. ಈ ಬಗ್ಗೆ ನಾವು ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಹಿಂದೆ ಪ್ಯಾನೆಲ್‌ಗಳಲ್ಲಿ ರಿಲೇ, ಟೈಮರುಗಳನ್ನು ತಂತಿಯಿಂದ ಜೋಡಿಸಿ ಕೆಲಸದ ಕ್ರಮವನ್ನು ಕಟ್ಟುತ್ತಿದ್ದರು. ಕ್ರಮ ಬದಲಾಗಬೇಕಾದರೆ ತಂತಿಗಳನ್ನೇ ಬಿಚ್ಚಬೇಕಾಗಿತ್ತು. ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆ ೧೯೬೮ರಲ್ಲಿ ಇದಕ್ಕೆ ಪರಿಹಾರ ಬಯಸಿದಾಗ ಡಿಕ್ ಮಾರ್ಲಿ ಮತ್ತು ಸಂಗಡಿಗರು ರೂಪಿಸಿದ್ದೇ ‘ಮೋಡಿಕಾನ್’ ಎಂಬ ಪಿ.ಎಲ್.ಸಿ. ತೊಟ್ಟಿಯ ಫ್ಲೋಟ್, ಡ್ರೈಯರಿನ ಉಷ್ಣಮಾಪಕ ಮುಂತಾದವುಗಳಿಂದ ಬರುವ ಸಂಕೇತಗಳನ್ನು ಅದು ಓದುತ್ತದೆ. ಒಳಗಿರುವ ಪ್ರೋಗ್ರಾಮಿನಂತೆ ಮೋಟಾರು, ಫ್ಯಾನುಗಳನ್ನು ನಡೆಸುತ್ತದೆ ಅಥವಾ ನಿಲ್ಲಿಸುತ್ತದೆ. ಸೆಕೆಂಡಿಗೆ ಅನೇಕ ಸಲ ಇದೇ ಕೆಲಸ.

ಬೆಂಗಳೂರಿನಲ್ಲಿ ಜೀವನ್ ಬಿಮಾ ನಗರದಿಂದ ಇಂದಿರಾನಗರ ದಾಟಿ ಹಳೇ ಮದರಾಸು ರಸ್ತೆಗೆ ಬಂದರೆ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಕಾರ್ಖಾನೆಯಿದ್ದ ಜಾಗ ಸಿಗುತ್ತದೆ. ಜರ್ಮನಿಯ ಎ.ಇ.ಜಿ. ಕಂಪನಿಯ ಸಹಯೋಗದಲ್ಲಿ ನಡೆದ ಆ ಸರ್ಕಾರಿ ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಕಳೆದಿವೆ. ಆದರೂ ಅದರ ಹಳೆಯ ಮೋಟಾರು ಸುಟ್ಟರೆ ಊರಿನ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತಿಸಿ ಓಡಿಸಬಹುದು. ಪಿ.ಎಲ್.ಸಿ.ಗೆ ಈ ಅನುಕೂಲವಿಲ್ಲ. ಒಂದು ಕಂಪನಿಯ ಪ್ರೋಗ್ರಾಮು ಇನ್ನೊಂದು ಕಂಪನಿಯ ಪೆಟ್ಟಿಗೆಯಲ್ಲಿ ನೇರವಾಗಿ ಓಡುವುದಿಲ್ಲ. ೧೯೯೩ರಲ್ಲಿ ಪ್ರಕಟವಾದ ಐ.ಇ.ಸಿ. ೬೧೧೩೧-೩ ಎಂಬ ಅಂತರರಾಷ್ಟ್ರೀಯ ಮಾನಕ ಬರೆಯುವ ಭಾಷೆಗಳನ್ನು ಒಂದು ಮಟ್ಟಕ್ಕೆ ತಂದಿದೆಯೇ ಹೊರತು ಈ ಕಟ್ಟನ್ನು ಬಿಚ್ಚಿಲ್ಲ. ಆದ್ದರಿಂದ ಪಿ.ಎಲ್.ಸಿ. ಕೊಳ್ಳುವುದೆಂದರೆ ಒಂದು ಕಂಪನಿಯೊಡನೆ ಹಲವು ವರ್ಷಗಳ ನಂಟು ಬೆಳೆಸಿದಂತೆ.

ಹೆಸರು ದೊಡ್ಡದೆಂಬ ಒಂದೇ ಕಾರಣಕ್ಕೆ ನಂಬಿ ಕೂರುವಂತೆಯೂ ಇಲ್ಲ. ಮೊದಲ ಪಿ.ಎಲ್.ಸಿ.ಯ ಮೋಡಿಕಾನ್ ಹೆಸರೇ ಗೌಲ್ಡ್ ಕಂಪನಿಗೆ, ೧೯೮೯ರಲ್ಲಿ ಅದೇ ಎ.ಇ.ಜಿ.ಗೆ, ಅನಂತರ ಫ್ರಾನ್ಸಿನ ಶ್ನೈಡರ್‌ಗೆ ಕೈ ಬದಲಾಯಿತು. ಸೀಮೆನ್ಸ್‌ನವರ ಎಸ್೭-೨೦೦ ಮಾದರಿ ಒಂದು ಕಾಲದಲ್ಲಿ ಬಹಳ ಬಳಕೆಯಲ್ಲಿತ್ತು. ಅದು ನಿಂತು ಎಸ್೭-೧೨೦೦ ಬಂದಿದೆ. ಕೊಳ್ಳುವಾಗ ಆ ಮಾದರಿ ಈಗಲೂ ತಯಾರಾಗುತ್ತಿದೆಯೇ ಎಂದು ತಪ್ಪದೆ ಕೇಳಬೇಕು.

ಸೀಮೆನ್ಸ್, ಮಿತ್ಸುಬಿಷಿ, ಶ್ನೈಡರ್, ಅಲೆನ್-ಬ್ರಾಡ್ಲಿ, ಓಮ್ರಾನ್, ಡೆಲ್ಟಾ ಇವೆಲ್ಲವೂ ನಮ್ಮಂಥವರ ಸಣ್ಣ ಕೆಲಸವನ್ನು ಚೆನ್ನಾಗಿಯೇ ಮಾಡಬಲ್ಲವು. ಆದುದರಿಂದ ಆಯ್ಕೆಗೆ ಬೇರೆ ಅಳತೆಗೋಲು ಬೇಕು. ನಮ್ಮ ಅಭಿಪ್ರಾಯದಲ್ಲಿ ಅವು ಇಂತಿವೆ:

೧. ಮೊದಲು ಅಗತ್ಯವನ್ನು ಲೆಕ್ಕ ಹಾಕಿ. ಒಂದೇ ಪಂಪನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸಲು ಟೈಮರ್ ಸಾಕು. ಪಲ್ಪರ್, ವಾಷರ್, ನೀರಿನ ಪಂಪು, ಡ್ರೈಯರ್ ಫ್ಯಾನು ಒಂದರ ನಂತರ ಒಂದು ನಡೆಯಬೇಕಾದರೆ ಮಾತ್ರ ಪಿ.ಎಲ್.ಸಿ.ಯ ವಿಚಾರ. ಒಳಬರುವ, ಹೊರಹೋಗುವ ಸಂಕೇತಗಳನ್ನು ಎಣಿಸಿ, ಐದಕ್ಕೆ ಒಂದರಂತೆ ಹೆಚ್ಚಿಗೆ ಇಟ್ಟುಕೊಳ್ಳಿ.

೨. ಬಿಡಿಭಾಗ ಎಷ್ಟು ದೂರದಲ್ಲಿದೆ? ಕಿತ್ತ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು. ಡಿಸೆಂಬರಿನಲ್ಲಿ ಪೆಟ್ಟಿಗೆ ಕೆಟ್ಟು, ಹೊಸದು ಬರಲು ಎರಡು ವಾರ ಎಂದರೆ ಬೆಳೆ ಕೈಬಿಟ್ಟಂತೆಯೇ. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಮಂಗಳೂರುಗಳಲ್ಲಿ ಯಾರ ಬಳಿ ದಾಸ್ತಾನಿದೆ, ರಿಪೇರಿಗೆ ಯಾರು ಬರುತ್ತಾರೆ ಎಂದು ಮೊದಲೇ ವಿಚಾರಿಸಿ.

೩. ಪ್ರೋಗ್ರಾಮು ನಿಮ್ಮದಾಗಿರಲಿ. ಮೂಲ ಪ್ರೋಗ್ರಾಮು, ಪಾಸ್‌ವರ್ಡ್, ವೈರಿಂಗ್ ನಕ್ಷೆ ಈ ಮೂರನ್ನೂ ಕೈಗೆ ಕೊಟ್ಟ ಮೇಲೆಯೇ ಕೊನೆಯ ಕಂತು ಪಾವತಿ ಎಂದು ಕರಾರಿನಲ್ಲಿ ಬರೆಸಿ. ಬೀಗ ಹಾಕಿದ ಪ್ರೋಗ್ರಾಮು ಬಿಟ್ಟು ಗುತ್ತಿಗೆದಾರ ಊರು ಬಿಟ್ಟರೆ ಬೇರೆಯವರು ಮೊದಲಿನಿಂದ ಬರೆಯಬೇಕಾಗುತ್ತದೆ.

೪. ಸಾಫ್ಟ್‌ವೇರಿನ ಬೆಲೆ ಕೇಳಿ. ಡೆಲ್ಟಾದ ಸಣ್ಣ ಮಾದರಿಗಳು, ಶ್ನೈಡರಿನ ಎಂ೨೨೧ ಇವುಗಳಿಗೆ ಸಾಫ್ಟ್‌ವೇರ್ ಉಚಿತ. ಸೀಮೆನ್ಸ್‌ನ ಟಿಯಾ ಪೋರ್ಟಲ್‌ಗೆ ಲೈಸೆನ್ಸ್ ಕೊಳ್ಳಬೇಕು. ಆದರೆ ಅದನ್ನು ಬಲ್ಲ ತಂತ್ರಜ್ಞರು ಹೆಚ್ಚು. ಎರಡನ್ನೂ ತೂಗಿ ನೋಡಿ.

೫. ಮಲೆನಾಡಿನ ಸಿಡಿಲು, ವೋಲ್ಟೇಜಿನ ಏರಿಳಿತ ಯಾವ ಕಂಪನಿಗೂ ರಿಯಾಯಿತಿ ತೋರಿಸುವುದಿಲ್ಲ. ಒಳ್ಳೆಯ ಅರ್ಥಿಂಗ್, ಸರ್ಜ್ ಅರೆಸ್ಟರ್, ೨೪ ವೋಲ್ಟಿನ ಉತ್ತಮ ಪವರ್ ಸಪ್ಲೈ ಇರಲಿ.

೬. ಕೈಯಿಂದ ನಡೆಸುವ ಸ್ವಿಚ್ಚನ್ನು ಕಿತ್ತುಹಾಕಬೇಡಿ. ಪಿ.ಎಲ್.ಸಿ. ನಿಂತರೂ ಪಲ್ಪರ್ ಓಡುವಂತಿರಬೇಕು. ತುರ್ತು ನಿಲುಗಡೆಯ ಗುಂಡಿ ಮತ್ತು ಮೋಟಾರಿನ ಓವರ್‌ಲೋಡ್ ರಿಲೇ ಪ್ರೋಗ್ರಾಮನ್ನು ನಂಬಿಕೊಂಡಿರದೆ, ನೇರ ತಂತಿಯಿಂದಲೇ ಯಂತ್ರವನ್ನು ನಿಲ್ಲಿಸಬೇಕು. ಇದು ಆಳುಗಳ ಪ್ರಾಣದ ಪ್ರಶ್ನೆ.

ಇನ್ನು ಸಹಕಾರದ ಮಾತು. ಹತ್ತು ಮಂದಿ ಹತ್ತು ಕಂಪನಿಯದನ್ನು ಕೊಂಡರೆ ಹತ್ತು ಬಿಡಿ ಪೆಟ್ಟಿಗೆ ಬೇಕಾಗುತ್ತವೆ, ಯಾರೂ ಇಟ್ಟುಕೊಳ್ಳುವುದಿಲ್ಲ. ಹತ್ತು ಮಂದಿಯೂ ಒಂದೇ ಮಾದರಿಯನ್ನು ಕೊಂಡರೆ ಸಂಘದ ಬೀರುವಿನಲ್ಲಿ ಒಂದು ಬಿಡಿ ಪೆಟ್ಟಿಗೆ, ಎಲ್ಲರ ಪ್ರೋಗ್ರಾಮಿನ ಪ್ರತಿ ಇಟ್ಟರೆ ಸಾಕು. ತಂತ್ರಜ್ಞನಿಗೂ ಒಂದೇ ಸಲಕ್ಕೆ ಹಲವು ಮನೆಯ ಕೆಲಸ ಸಿಗುವುದರಿಂದ ಬರಲು ಹಿಂಜರಿಯುವುದಿಲ್ಲ. ಸಣ್ಣ ಬೆಳೆಗಾರನಿಗೆ ಒಳ್ಳೆಯ ಕಂಪನಿ ಎಂದರೆ ನೆರೆಯವನೂ ಕೊಂಡಿರುವ ಕಂಪನಿಯೇ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಈಗಾಗಲೇ ಅಳವಡಿಸಿರುವವರು ಕಂಪನಿ ಹಾಗೂ ಮಾದರಿಯ ವಿವರವನ್ನು ಕೊಯ್ಲಿಗೆ ಮುನ್ನ ಕಚೇರಿಗೆ ತಿಳಿಸಬೇಕೆಂದೂ, ಕೊಳ್ಳುವವರು ಮುಂಗಡ ಕೊಡುವ ಮುನ್ನ ಒಮ್ಮೆ ವಿಚಾರಿಸಬೇಕೆಂದೂ ಕೋರುತ್ತೇವೆ.

— ಕಾರ್ಯದರ್ಶಿ