ನೆರೆ ಇಳಿದ ಮೇಲೆ ನೆಲವನ್ನು ತಟ್ಟಿ ನೋಡಿ

ಕೊಡಗಿನಲ್ಲಿ ಮಳೆ ಹಿಡಿದರೆ ಹನಗೋಡಿನ ಅಣೆಕಟ್ಟೆಯ ಮೇಲೆ ಲಕ್ಷ್ಮಣತೀರ್ಥ ಉಕ್ಕಿ ಹರಿಯುತ್ತದೆ. 2019ರ ಆಗಸ್ಟಿನಲ್ಲಿ ಹುಣಸೂರು ತಾಲ್ಲೂಕಿನ ಹೊಳೆಯಂಚಿನ ಮನೆಗಳಿಗೂ ಈ ನೀರು ನುಗ್ಗಿತ್ತು. ಹೊಳೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ನೆಲದಡಿ ಸೇರಿದ ನೀರು ಆರಲು ತಿಂಗಳುಗಳೇ ಬೇಕು.

ಮಣ್ಣಿನ ಗೋಡೆಯ ಮನೆಯಾದರೆ ಮೊದಲು ಗೋಡೆ ನೋಡಿ. ಬುಡ ನೆನೆದ ಗೋಡೆ ನೀರು ಇಳಿದ ಮೇಲೂ ಕುಸಿಯಬಹುದು. ವಿದ್ಯುತ್ತಿನ ಮೇನ್ ಆಫ್ ಆಗಿರಲಿ. ಪರಿಹಾರದ ಅರ್ಜಿಗೆ ಬೇಕಾಗುತ್ತದೆ, ಗುಡಿಸುವ ಮೊದಲೇ ಫೋಟೊ ತೆಗೆದಿಡಿ.

ಕೆಸರನ್ನು ಹಸಿಯಿರುವಾಗಲೇ ಎಳೆದು ಹಾಕಬೇಕು. ಒಣಗಿದರೆ ಗಟ್ಟಿಯಾಗುತ್ತದೆ, ಕೆರೆಯಹೋದರೆ ರೆಡ್ ಆಕ್ಸೈಡ್ ನೆಲದ ಹೊಳಪೇ ಹೋಗುತ್ತದೆ. ತೊಳೆದ ಮೇಲೆ ಬ್ಲೀಚಿಂಗ್ ಪೌಡರಿನ ತಿಳಿನೀರು ಹಾಕಬಹುದು. ಅದರ ಜೊತೆ ಆಸಿಡ್ ಮಾತ್ರ ಬೆರೆಸಲೇಬೇಡಿ, ಉಸಿರುಗಟ್ಟಿಸುವ ವಿಷಾನಿಲ ಏಳುತ್ತದೆ.

ಇನ್ನು ನಿಜವಾದ ತೊಂದರೆ. ಪಾಯ ಕಟ್ಟಿ ಒಳಗೆ ಮಣ್ಣು ತುಂಬುವಾಗ ಸರಿಯಾಗಿ ದಮ್ಮಸ್ಸು ಹೊಡೆಯದಿದ್ದರೆ, ಆ ಮಣ್ಣು ನೀರು ಕುಡಿದು ಕೆಳಗೆ ಕೂರುತ್ತದೆ. ಮೇಲಿನ ಕಾಂಕ್ರೀಟು ಅಂತರದಲ್ಲಿ ನಿಂತಿರುತ್ತದೆ. ಅಕ್ಕಿಮೂಟೆಯೋ ಬೀರುವೋ ಇಟ್ಟ ದಿನ ಬಿರುಕು ಬಿಡುತ್ತದೆ. ಕೋಲಿನ ತುದಿಯಿಂದ ನೆಲವನ್ನು ಅಡಿಗಡಿಗೂ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಟೈಲ್ಸ್ ಒಂದೆರಡು ಮಾತ್ರ ಟೊಳ್ಳಾಗಿದ್ದರೆ ಅಂಟು ಬಿಟ್ಟಿರಬಹುದು, ಅವನ್ನಷ್ಟೇ ಕಿತ್ತು ಕೂರಿಸಿದರೆ ಸಾಕು. ನೆಲವೇ ತಗ್ಗಿದ್ದರೆ ಆ ಭಾಗವನ್ನು ಒಡೆದು, ಸಡಿಲ ಮಣ್ಣು ತೆಗೆದು, ಮರಳು ಅಥವಾ ಗರಸನ್ನು ಅರ್ಧ ಅಡಿಯ ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ದಮ್ಮಸ್ಸು ಹೊಡೆದು, ಆಮೇಲೆ ಕಾಂಕ್ರೀಟು ಹಾಕಿಸಬೇಕು. ಬಿರುಕಿಗೆ ಸಿಮೆಂಟ್ ಮೆತ್ತಿ ಮುಚ್ಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ದುಡ್ಡು ಮುಂದಿನ ಮಳೆಗಾಲದವರೆಗೂ ಬಾಳುವುದಿಲ್ಲ.

ಆರುತ್ತಾ ಬಂದಂತೆ ಸಿಮೆಂಟ್ ನೆಲದ ಮೇಲೆ ಬಿಳಿ ಉಪ್ಪು ಹೂವಿನಂತೆ ಅರಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಉಪ್ಪು ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಒಣ ಬ್ರಶ್ಶಿನಿಂದ ಉಜ್ಜಿ, ಗುಡಿಸಿ ಹೊರಗೆ ಹಾಕಿ. ಸಗಣಿ ಸಾರಿಸಿದ ಮಣ್ಣಿನ ನೆಲದಲ್ಲಿ ಕೊಳೆನೀರು ನಿಂತಿದ್ದರೆ ಮೇಲ್ಪದರ ಕೆತ್ತಿ ತೆಗೆದು, ಹೊಸ ಕೆಮ್ಮಣ್ಣು ಬಡಿದು, ಅದು ಆರಿದ ಮೇಲೆಯೇ ಸಾರಿಸಬೇಕು.

ಹೊಸ ಟೈಲ್ಸ್ ಹಾಕಿಸಲು ಆತುರಪಡುವವರು ಒಂದು ಪರೀಕ್ಷೆ ಮಾಡಿ ನೋಡಲಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಕೆಳಗೆ ಹನಿ ಕಟ್ಟಿದರೆ ಅಥವಾ ನೆಲ ಕಪ್ಪಿಟ್ಟಿದ್ದರೆ ಅಡಿಯಲ್ಲಿ ಇನ್ನೂ ತೇವವಿದೆ ಎಂದರ್ಥ. ಕಿಟಕಿ ತೆರೆದಿಟ್ಟು ಕೆಲವು ವಾರ ಕಾದು ಮತ್ತೆ ಹಾಳೆ ಹಾಸಿ. ಅಲ್ಲಿಯವರೆಗೆ ರಾಗಿ ಚೀಲಗಳನ್ನು ಇಟ್ಟಿಗೆ ಮೇಲೆ ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ದೂರ ಇಡಿ.