ಅಕ್ಕನ ಮಗ ತಂದ ಕೂಗುಡಬ್ಬಿ

ನಮ್ಮ ಅಕ್ಕನ ಮಗ ನ್ಯೂಜೆರ್ಸಿಯಿಂದ ಬರುವಾಗ ನನಗೆಂದೇ ತಂದದ್ದು ಸೋಪಿನ ಡಬ್ಬಿಯಷ್ಟಿದ್ದ ಒಂದು ಕರಿ ಯಂತ್ರ. ಕಾರಿನ ಮುಂದಿನ ಗಾಜಿಗೆ ತಾನೇ ಅಂಟಿಸಿ, ಮೊಬೈಲ್ ಚಾರ್ಜ್ ಮಾಡುವ ತೂತಿಗೆ ವೈರು ಸಿಗಿಸಿದ. “ಮಾಮಾ, ಪೊಲೀಸ್ರು ಎರಡು ಕಿಲೋಮೀಟರ್ ದೂರ ಇದ್ರೂ ಇದು ಕೂಗತೈತಿ. ಇನ್ನ ನಿಮಗ ಚಲನ್ ಬೀಳೂದಿಲ್ಲ ನೋಡ್ರಿ” ಅಂದ.

ನನ್ನ ಚಲನ್ ಪುರಾಣ ಅವನಿಗೆ ಗೊತ್ತಿತ್ತು. ಬನಹಟ್ಟಿಯಲ್ಲಿ ನಮ್ಮದು ಸೀರೆ ವ್ಯಾಪಾರ. ಗಂಟು ಹೇರಿಕೊಂಡು ತೇರದಾಳ, ಕುಡಚಿ, ಮಿರಜ್ ಮೇಲೆ ಹಾಯ್ದು ಕರಾಡ, ಸಾತಾರಾ ದಾಟಿ ಪುಣೆಗೆ ನಾನೇ ಕಾರು ಹೊಡೆದುಕೊಂಡು ಹೋಗುತ್ತೇನೆ. ಒಂದೇ ವರ್ಷದಲ್ಲಿ ಮೂರು ಸಲ ಮೊಬೈಲಿಗೆ ದಂಡದ ಸಂದೇಶ ಬಂದಿತ್ತು. ಒಂದರಲ್ಲಿ ನನ್ನ ಕಾರಿನ ಹಿಂಬದಿಯ ಫೋಟೊ, ಅದರ ಕೆಳಗೆ 117 ಅಂತ ಅಂಕಿ. ಹಿಂದಿನ ಗಾಜಿನೊಳಗೆ ಸೀರೆಗಂಟೂ ಕಾಣುತ್ತಿತ್ತು. ನನ್ನ ಹೆಂಡತಿ ಆ ಫೋಟೊ ಅಳಿಸಿಲ್ಲ. ಜಗಳದಲ್ಲಿ ಬೇಕಾದಾಗ ತೆಗೆದು ತೋರಿಸುತ್ತಾಳೆ.

ಈ ಡಬ್ಬಿಯ ಗುಟ್ಟು ತಿಳಿಯಬೇಕಾದರೆ ಕುಡಚಿ ಸ್ಟೇಷನ್ನಿಗೆ ಹೋಗಿ ನಿಲ್ಲಬೇಕು. ಅಲ್ಲಿ ನಿಲ್ಲದ ರೈಲೊಂದು ಹಾರ್ನ್ ಹೊಡೆಯುತ್ತ ಬರುವಾಗ ಸದ್ದು ತೆಳ್ಳಗೆ, ಚೂಪಾಗಿ ಕೇಳುತ್ತದೆ. ನಮ್ಮನ್ನು ದಾಟಿದ ಗಳಿಗೆಗೆ ಅದೇ ಸದ್ದು ದಪ್ಪಗಾಗುತ್ತದೆ. ಹಾರ್ನ್ ಬದಲಾಗಿಲ್ಲ, ಬದಲಾದದ್ದು ಅಲೆಗಳು ನಮ್ಮ ಕಿವಿ ಮುಟ್ಟುವ ಲೆಕ್ಕ. 1842ರಲ್ಲಿ ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ ಈ ಲೆಕ್ಕ ಹೇಳಿದ. ಪೊಲೀಸರ ರೇಡಾರ್ ಗನ್ ಮಾಡುವುದೂ ಇದನ್ನೇ, ಆದರೆ ಶಬ್ದದ ಬದಲು ರೇಡಿಯೊ ಅಲೆಯಿಂದ. ಸೆಕೆಂಡಿಗೆ 2,415 ಕೋಟಿ ಸಲ ಕಂಪಿಸುವ ಅಲೆಯನ್ನು ಅದು ಕಾರಿನ ಮೇಲೆ ಬಿಡುತ್ತದೆ. ಕಾರು 100 ಕಿ.ಮೀ. ವೇಗದಲ್ಲಿ ಎದುರು ಬರುತ್ತಿದ್ದರೆ, ಬಡಿದು ತಿರುಗಿ ಬಂದ ಅಲೆಯಲ್ಲಿ ಸುಮಾರು 4,500 ಕಂಪನ ಹೆಚ್ಚಿರುತ್ತವೆ. ಆ ಹೆಚ್ಚಳವೇ ನಮ್ಮ ವೇಗದ ಚಾಡಿ.

ಹಾಗಾದರೆ ಪೊಲೀಸರಿಗಿಂತ ಮೊದಲೇ ಡಬ್ಬಿಗೆ ಹೇಗೆ ತಿಳಿಯುತ್ತದೆ? ರಾತ್ರಿ ಕಬ್ಬಿನ ಹೊಲದಲ್ಲಿ ಹಂದಿ ಕಾಯುವವನ ಬ್ಯಾಟರಿ ನೆನೆಸಿಕೊಳ್ಳಿ. ಅವನ ಬೆಳಕು ಹಂದಿಯ ಮೈಗೆ ಬಡಿದು ಮರಳಿ ಅವನ ಕಣ್ಣಿಗೆ ಬರಬೇಕು. ಹಂದಿಗೆ ಮಾತ್ರ ಬ್ಯಾಟರಿ ಅಷ್ಟು ದೂರದಿಂದಲೇ ಕಾಣುತ್ತದೆ. ರೇಡಾರ್ ಅಲೆ ಹೋಗಿ ಬರುವಷ್ಟರಲ್ಲಿ ಸೊರಗುತ್ತದೆ. ಡಬ್ಬಿಗೆ ಒಂದೇ ಕಡೆಯ ದಾರಿ, ಅದಕ್ಕೇ ಮೊದಲು ಕೂಗುತ್ತದೆ. ಈ ಲೆಕ್ಕದಲ್ಲಿ ಹಂದಿ ನಾನು ಎಂಬುದನ್ನು ನನ್ನ ಹೆಂಡತಿ ಆಗಲೇ ಕಂಡುಹಿಡಿದಿದ್ದಳು.

ಅಮೆರಿಕದಲ್ಲಿ ಇದು ದೊಡ್ಡ ಕಥೆ. ತೈಲ ಬಿಕ್ಕಟ್ಟಿನ ಬೆನ್ನಿಗೆ 1974ರಲ್ಲಿ ಅಲ್ಲಿನ ಸರಕಾರ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ಮಿತಿ ಹೇರಿತು. ನಮ್ಮ ಲೆಕ್ಕದಲ್ಲಿ 88 ಕಿಲೋಮೀಟರ್. ಉದ್ದುದ್ದ ರಸ್ತೆಯ ಲಾರಿ ಡ್ರೈವರುಗಳಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳು. ಗಾಡಿಯಿಂದ ಗಾಡಿಗೆ ಮಾತಾಡುವ ಸಿ.ಬಿ. ರೇಡಿಯೊದಲ್ಲಿ ಒಬ್ಬರಿಗೊಬ್ಬರು ಪೊಲೀಸರ ಸುಳಿವು ಕೊಟ್ಟುಕೊಂಡರು. ಓಹಿಯೋದ ಡೇಲ್ ಸ್ಮಿತ್ ಎಂಬಾತ ತನಗೇ ದಂಡ ಬಿದ್ದ ಸಿಟ್ಟಿಗೆ ‘ಫಜ್‌ಬಸ್ಟರ್’ ಎಂಬ ಡಬ್ಬಿ ಮಾಡಿ ಮಾರಿದ. ಇವತ್ತಿಗೂ ಬಹುತೇಕ ರಾಜ್ಯಗಳಲ್ಲಿ ಸಾದಾ ಕಾರಿಗೆ ಇದನ್ನು ಹಾಕಿಕೊಳ್ಳಬಹುದು. ವರ್ಜೀನಿಯಾದಲ್ಲಿ, ರಾಜಧಾನಿ ವಾಷಿಂಗ್ಟನ್ನಿನಲ್ಲಿ ನಿಷೇಧ. ಡಬ್ಬಿ ಕೆಲಸ ಮಾಡುವಾಗ ತಾನೂ ಸಣ್ಣಗೆ ಅಲೆ ಸೋರಿಸುತ್ತದಂತೆ. ಆ ಸೋರಿಕೆ ಹಿಡಿಯುವ ಯಂತ್ರ ಪೊಲೀಸರ ಹತ್ತಿರ ಇದೆ. ವಾಷಿಂಗ್ಟನ್ನಿಗೆ ಹೊರಟರೆ ನಮ್ಮ ಹುಡುಗ ಇದನ್ನು ಬಿಚ್ಚಿ ಡಿಕ್ಕಿಗೆ ಹಾಕಿಬಿಡುತ್ತಾನೆ.

ನಮ್ಮಲ್ಲಿ ಡಬ್ಬಿಯ ಹಣೆಬರಹ ಬೇರೆಯಾಯಿತು. ಬನಹಟ್ಟಿಯಿಂದ ಜಮಖಂಡಿವರೆಗೆ ತುಟಿ ಪಿಟಕ್ಕೆನ್ನಲಿಲ್ಲ. ಹುಬ್ಬಳ್ಳಿಯಲ್ಲಿ ಒಂದು ದೊಡ್ಡ ಬಟ್ಟೆ ಅಂಗಡಿಯ ಮುಂದೆ ನಿಲ್ಲಿಸಿದ್ದೇ ತಡ, ಕಿಂಯ್ ಕಿಂಯ್ ಅಂತ ಶುರು. ಪೊಲೀಸರೆಲ್ಲಿ ಅಂತ ಹುಡುಕಿದರೆ, ತಾನಾಗಿ ತೆರೆಯುವ ಗಾಜಿನ ಬಾಗಿಲು. ಅಂಥ ಬಾಗಿಲ ಮೇಲಿನ ಕಣ್ಣೂ ಎಷ್ಟೋ ಕಡೆ ಇದೇ ಅಲೆಯಲ್ಲಿ ಕೆಲಸ ಮಾಡುತ್ತದೆ. ಮುಂದಿನ ವಾರ ಪುಣೆ ದಾರಿಯಲ್ಲಿ ಬೇವಿನ ಮರದ ನೆರಳಿಗೆ ವೇಗ ಅಳೆಯುವ ಪೊಲೀಸರ ಇಂಟರ್‌ಸೆಪ್ಟರ್ ಗಾಡಿ ನಿಂತಿತ್ತು. ಡಬ್ಬಿ ‘ಲೇಸರ್’ ಅಂತ ಕೂಗಿತು, ನಾನು ಬ್ರೇಕ್ ಒತ್ತಿದೆ, ಸಂಜೆಗೆ ಚಲನ್ ಬಂತು. ಲೇಸರ್ ಗನ್ನಿನ ಬೆಳಕು 300 ಮೀಟರ್ ದೂರದಲ್ಲೂ ಒಂದು ಮೀಟರಿನಷ್ಟೇ ಹರಡುತ್ತದೆ. ನೇರ ನಮ್ಮ ಮೇಲೆ ಬಿದ್ದಾಗಲೇ ಡಬ್ಬಿಗೆ ಗೊತ್ತಾಗುವುದು, ಅಷ್ಟರಲ್ಲಿ ವೇಗ ಅಳೆದಾಗಿರುತ್ತದೆ. ಊಟ ಆದ ಮೇಲೆ ಎಲೆ ಹಾಕಿದ ಹಾಗೆ.

ಕ್ಯಾಮೆರಾದ್ದು ಇನ್ನೂ ಕಷ್ಟ. ಎರಡು ಕಂಬಗಳ ನಡುವಿನ ದೂರವನ್ನು ಎಷ್ಟು ಹೊತ್ತಿನಲ್ಲಿ ದಾಟಿದಿರಿ ಅಂತ ನಂಬರ್ ಪ್ಲೇಟ್ ಓದಿ ಲೆಕ್ಕ ಹಾಕುವ ಕ್ಯಾಮೆರಾ ಯಾವ ಅಲೆಯನ್ನೂ ಬಿಡಬೇಕಿಲ್ಲ. ನಮ್ಮ ಮುಧೋಳ ನಾಯಿ ಇದ್ದ ಹಾಗೆ, ಬೊಗಳುವುದು ಕಡಿಮೆ, ಕಣ್ಣಿನಲ್ಲೇ ಬೇಟೆ. ಡಬ್ಬಿಗೆ ಕೇಳಿಸಿಕೊಳ್ಳಲು ಏನೂ ಇರುವುದಿಲ್ಲ.

ಇನ್ನೊಂದು ತಮಾಷೆ ನನಗೆ ಆಮೇಲೆ ತಿಳಿಯಿತು. 2021ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ತಂದ ನಿಯಮದ ಪ್ರಕಾರ, ವೇಗ ಹಿಡಿಯುವ ಇಂಥ ಕ್ಯಾಮೆರಾ, ಯಂತ್ರ ಹಾಕಿದ ರಸ್ತೆಯಲ್ಲಿ ‘ಇಲ್ಲಿ ನಿಗಾ ಇದೆ’ ಎಂಬ ಫಲಕವನ್ನು ಎದ್ದು ಕಾಣುವಂತೆ ಹಾಕಲೇಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸು ಕಳಿಸಬೇಕು ಎಂದೂ ಆ ನಿಯಮದಲ್ಲಿತ್ತು. ಎಂದರೆ ಅಕ್ಕನ ಮಗ ನೂರಾರು ಡಾಲರ್ ಕೊಟ್ಟು ತಂದ ಸುದ್ದಿಯನ್ನು ಸರಕಾರ ಪುಕ್ಕಟೆ ಹಲಗೆಯ ಮೇಲೆ ಬರೆದಿಡುತ್ತದೆ. ಓದುವ ವ್ಯವಧಾನ ನನಗಿರಲಿಲ್ಲ, ಅಷ್ಟೇ. ಕಾರಿನ ಮಿತಿಯೂ ಬಚ್ಚಿಟ್ಟದ್ದಲ್ಲ: 2018ರ ಕೇಂದ್ರದ ಅಧಿಸೂಚನೆಯಲ್ಲಿ ನಡುವೆ ವಿಭಜಕ ಇರುವ ಚತುಷ್ಪಥದಲ್ಲಿ 100, ಸಾದಾ ರಸ್ತೆಯಲ್ಲಿ 70. ಕಾಯ್ದೆಯಲ್ಲಿ ಕಾರಿಗೆ ದಂಡ ಒಂದರಿಂದ ಎರಡು ಸಾವಿರ, ಮತ್ತೆ ಸಿಕ್ಕರೆ ಲೈಸೆನ್ಸಿಗೆ ಕುತ್ತು. ನಮ್ಮ ರಾಜ್ಯದಲ್ಲಿ 130 ಮೀರಿದರೆ 2024ರ ಆಗಸ್ಟ್ 1ರಿಂದ ಎಫ್‌ಐಆರ್ ಎಂದು ಆಗ ಸಂಚಾರ ವಿಭಾಗದ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಸಾರಿದ್ದರು. ಇದೇ ರಾಜ್ಯ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದರು. ನಮ್ಮ ಆಷಾಢದ ಸೇಲಿಗೂ ಅಂಥ ಪಾಳಿ ಹತ್ತಿದ್ದಿಲ್ಲ.

ಡಬ್ಬಿಯ ಮೇಲಿನ ನನ್ನ ನಂಬಿಕೆ ಪೂರಾ ಕಳಚಿದ್ದು ಮಾತ್ರ ದಂಡದಿಂದಲ್ಲ. ಡಿಸೆಂಬರ್, ಕಬ್ಬಿನ ಹಂಗಾಮು. ಮದುವೆ ಮುಗಿಸಿ ಲೋಕಾಪುರದಿಂದ ಮುಧೋಳದ ಕಡೆ ಬರುತ್ತಿದ್ದೆವು. ಕತ್ತಲಾಗಿತ್ತು. ಡಬ್ಬಿ ಸುಮ್ಮನಿದೆ, ಪೊಲೀಸರಿಲ್ಲ ಅನ್ನುವ ಧೈರ್ಯಕ್ಕೆ ಮುಳ್ಳು 80 ದಾಟಿತ್ತು. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು ಸರಿದ ಮೇಲೆ ನೋಡಿದರೆ ಮುಂದೆ ರಸ್ತೆಯೇ ಇಲ್ಲ, ಕಬ್ಬಿನ ಗೋಡೆ! ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಗಾಲಿ ಕೆಟ್ಟು ನಿಂತಿತ್ತು. ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಬ್ರೇಕ್ ಮೇಲೆ ನಿಂತೇಬಿಟ್ಟೆ. ಕಾರು ನಿಂತಾಗ ಕಬ್ಬಿನ ತುದಿಗಳು ಬಾನೆಟ್ಟಿನ ಮೇಲೆ ಬಾಗಿದ್ದವು. ಹೆಂಡತಿಗೆ ಬಾಯಿ ಬರಲಿಲ್ಲ.

ಟ್ರ್ಯಾಕ್ಟರ್ ಹುಡುಗ ಓಡಿ ಬಂದ. “ಸಾವ್ಕಾರ್ರ, ಕಲ್ಲು ಇಟ್ಟಿದ್ನೆಲ್ರಿ, ನೋಡ್ಲಿಲ್ಲೇನ್ರಿ?” ಇಟ್ಟಿದ್ದ. ನಾಲ್ಕು ಕಲ್ಲು, ಒಂದು ಜಾಲಿ ಟೊಂಗೆ. ಅವನ ಮೇಲೆ ಸಿಟ್ಟು ಬಂತು, ಆ ದೀಪವಿಲ್ಲದ ಟ್ರೇಲರಿಗೆ ಕಬ್ಬು ಹೇರಿ ಕಳಿಸಿದವರ ಮೇಲೆ ಇನ್ನೂ ಹೆಚ್ಚು. ಮನೆಗೆ ಬಂದು ಲೆಕ್ಕ ಹಾಕಿದೆ. 80ರ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣು ಕಂಡು ಕಾಲು ಒತ್ತಲು ಒಂದು ಸೆಕೆಂಡು. ಆಮೇಲೆ ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೂ 35 ಮೀಟರ್. ಒಟ್ಟು 57. ನೂರರ ವೇಗದಲ್ಲಿ ಅದು 80 ದಾಟುತ್ತದೆ. ಹೆಡ್‌ಲೈಟ್ ಡಿಮ್ ಮಾಡಿದರೆ ನನಗೆ ಕಾಣುವುದೇ ಐವತ್ತು-ಅರವತ್ತು ಮೀಟರ್.

ಜಮಖಂಡಿಯ ಒಬ್ಬ ಹಳೆಯ ಲಾರಿ ಡ್ರೈವರ್‌ಗೆ ಇದನ್ನೆಲ್ಲ ಹೇಳಿದಾಗ ಅವರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. “ನಮಗ ಎದುರಿನ ಗಾಡಿಯವ ಎರಡು ಸಲ ಡಿಪ್ಪರ್ ಹೊಡದ್ರ ಮುಗೀತ್ರಿ. ಪೊಲೀಸರರ ಇರ್ಲಿ, ಕಬ್ಬಿನ ಗಾಡೀರ ಇರ್ಲಿ, ಎಮ್ಮೀರ ಇರ್ಲಿ. ಏನೈತಂತ ಅವ ಹೇಳೂದಿಲ್ಲ. ನಾವು ಸಾವಕಾಶ ಆಗ್ತೀವಿ.” ಬೀಳಗಿ ಕ್ರಾಸ್ ದಾಟಿ ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ಈಚೆಗೆ ನನಗೂ ಒಬ್ಬ ಹಾಗೆ ಹೊಡೆದ. ಮುಂದೆ ಪೊಲೀಸರಿರಲಿಲ್ಲ. ಕುರಿ ಹಿಂಡು ಸೇತುವೆ ಏರುತ್ತಿತ್ತು.

ಡಬ್ಬಿ ಈಗ ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಅಡಾಪ್ಟರಿಗೆ ಸಿಕ್ಕಿಸಿಕೊಂಡು ಕೂತಿದೆ. ಹೊಸ ದುಬಾರಿ ಕಾರುಗಳಲ್ಲಿ ಪಕ್ಕದ ಗಾಡಿ ನೋಡಲು ಸಣ್ಣ ರೇಡಾರ್ ಇರುತ್ತದೆ. ಕೆಲವು ಇದೇ ಅಲೆಯವು. ಅಂಥದ್ದು ಬಾಗಿಲ ಮುಂದೆ ಬಂದು ನಿಂತರೆ ಕಿಂಯ್ ಅನ್ನುತ್ತದೆ. ಈವರೆಗೆ ಎರಡೇ ಸಲ ಕೂಗಿದೆ. ಎರಡು ಸಲವೂ ನಮ್ಮ ಅಂಗಡಿಯ ಹುಡುಗ ಕೆಳಗಿನ ಸೀರೆ ಬಿಟ್ಟು ಮೇಲಿನ ಕಪಾಟಿಗೆ ಏಣಿ ಹಚ್ಚಿದ.