ಹೈಡಲ್‌ಬರ್ಗಿನ ದಕ್ಷಿಣ ಏಷ್ಯಾ ಸಂಸ್ಥೆಯೂ ನಮ್ಮ ಮೈಲಾರನೂ

ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯೆಗಳನ್ನು ಶಾಸ್ತ್ರಭೇದದಿಂದ ವಿಭಾಗಿಸುವುದು ರೂಢಿ. ಇದಕ್ಕೆ ಬದಲಾಗಿ ಭೂಮಿಯ ಒಂದು ಪ್ರದೇಶವನ್ನೇ ವಿಷಯವಾಗಿಟ್ಟುಕೊಂಡು ನಾನಾ ಶಾಸ್ತ್ರಜ್ಞರು ಕೂಡಿ ವಿಚಾರಮಾಡತಕ್ಕ ಸಂಸ್ಥೆಗಳು ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದುವು. ಇವುಗಳ ಹುಟ್ಟಿಗೆ ಶುದ್ಧವಾದ ಜ್ಞಾನತೃಷ್ಣೆಯೊಂದೇ ಕಾರಣವೆನ್ನಲಾಗದು. 1916ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಪೌರಸ್ತ್ಯ ವಿದ್ಯಾಶಾಲೆಗೆ ಸಾಮ್ರಾಜ್ಯದ ಅಧಿಕಾರಿಗಳನ್ನು ತರಬೇತುಗೊಳಿಸುವುದೂ ಒಂದು ಉದ್ದೇಶವಾಗಿದ್ದಿತು. ಆದರೆ ಬಿತ್ತಿದವನ ಅಭಿಪ್ರಾಯವನ್ನು ಮೀರಿ ಬೆಳೆ ಬರುವುದುಂಟು.

ಜರ್ಮನಿಯ ಹೈಡಲ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ 1962ರಲ್ಲಿ ಸ್ಥಾಪಿತವಾದ ದಕ್ಷಿಣ ಏಷ್ಯಾ ಸಂಸ್ಥೆಯು ಇದಕ್ಕೆ ಒಳ್ಳೆಯ ನಿದರ್ಶನ. ಸಂಸ್ಕೃತ, ದೇಶಭಾಷೆಗಳು, ಚರಿತ್ರೆ, ಭೂಗೋಳ, ಮಾನವಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳು ಅಲ್ಲಿ ಒಟ್ಟಿಗೆ ನೆಲಸಿದುವು. ಒಟ್ಟಿಗಿದ್ದ ಮಾತ್ರಕ್ಕೆ ಅವು ಕೂಡಿದುವೆನ್ನುವುದು ಸರಿಯಲ್ಲ, ನೆರೆಮನೆಯವರೆಲ್ಲ ನೆಂಟರಾಗುವುದಿಲ್ಲ. ಕೂಡಿದ ಕಡೆ ಏನಾಯಿತೆಂಬುದನ್ನು 1970ರಲ್ಲಿ ಆರಂಭವಾದ ಒರಿಸ್ಸಾ ಸಂಶೋಧನೆಯಲ್ಲಿ ಕಾಣಬಹುದು. ಪುರಿಯ ಜಗನ್ನಾಥನನ್ನು ಪುರಾಣಮುಖದಿಂದ ನೋಡಿದವರಿಗೆ ವಿಷ್ಣುವು ಕಾಣುತ್ತಾನೆ. ಶಾಸನಮುಖದಿಂದ ನೋಡಿದವರಿಗೆ ಹದಿಮೂರನೆಯ ಶತಮಾನದ ಅನಂಗಭೀಮನು ತನ್ನನ್ನು ಯಾವನ ಪ್ರತಿನಿಧಿಯೆಂದು ಹೇಳಿಕೊಂಡನೋ ಆ ರಾಜಾಧಿರಾಜನು ಕಾಣುತ್ತಾನೆ. ನವಕಲೇವರದಲ್ಲಿ ಮರದ ಮೂರ್ತಿಯನ್ನು ಹೊಸದುಮಾಡುವ, ಶಬರಮೂಲದವರೆಂದು ಹೇಳಿಕೊಳ್ಳುವ ದೈತರನ್ನು ನೋಡಿದವರಿಗೆ ಕಾಡಿನ ದೇವರು ಕಾಣುತ್ತಾನೆ. ಎಶ್ಮನ್, ಕುಲ್ಕೆ, ತ್ರಿಪಾಠಿ ಇವರು ಸಂಪಾದಿಸಿ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮೂರು ನೋಟಗಳೂ ಒಂದೆಡೆ ಸೇರಿವೆ.

ಕನ್ನಡಿಗರಿಗೆ ಇನ್ನೂ ಹತ್ತಿರವಾದುದು ಅದೇ ಸಂಸ್ಥೆಯ ಸೊಂಥೈಮರ್ ಅವರ ಕೆಲಸ. ಹಿಂದೂ ಅವಿಭಕ್ತ ಕುಟುಂಬದ ಧರ್ಮಶಾಸ್ತ್ರವನ್ನು ಕುರಿತು ಗ್ರಂಥರಚನೆ ಮಾಡಿದ ಈ ವಿದ್ವಾಂಸರು ಮಹಾರಾಷ್ಟ್ರದ ಧನಗರರೊಡನೆ ತಿರುಗಿ, ಅವರ ಓವಿಗಳನ್ನು ಕೇಳಿ, ಬಿರೋಬ, ಮ್ಹಸ್ಕೋಬ, ಖಂಡೋಬರ ವಿಷಯವಾಗಿ 1976ರಲ್ಲಿ ಜರ್ಮನ್ ಭಾಷೆಯಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬಿರೋಬನು ನಮ್ಮ ಬೀರಪ್ಪನೇ, ಖಂಡೋಬನು ಮೈಲಾರನೇ, ತೆಲುಗುನಾಡಿನಲ್ಲಿ ಅವನು ಮಲ್ಲನ್ನ. ಕುರಿಯ ಹಿಂಡು ಭಾಷೆಯ ಗಡಿಯನ್ನು ಅರಿಯದು, ಅದರೊಡನೆ ನಡೆದ ದೇವರೂ ಅರಿಯನು. ಆದುದರಿಂದ ‘ಪ್ರದೇಶ’ವೆಂದರೆ ಭೂಪಟದ ಬಣ್ಣವಲ್ಲ, ಮಳೆ ಕಡಮೆಯಾದ ಬಯಲಿನಲ್ಲಿ ಮೇವನ್ನರಸಿ ನಡೆದವರ ದಾರಿಯೂ ಪ್ರದೇಶವೇ.

ಇಲ್ಲಿ ನಮ್ಮಂಥ ಪಾಠಶಾಲೆಯವರು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮಣಿ ಮಲ್ಲರೆಂಬ ದೈತ್ಯರನ್ನು ಕೊಂದ ಮಾರ್ತಾಂಡಭೈರವನ ಕಥೆಯನ್ನು ಮಲ್ಲಾರಿಮಾಹಾತ್ಮ್ಯದಲ್ಲಿ ಓದಿ ಮೈಲಾರನ ಸಂಗತಿ ಮುಗಿಯಿತೆಂದೆಣಿಸಿದ್ದೆವು. ಹೂವಿನಹಡಗಲಿಯ ಸೀಮೆಯ ಮೈಲಾರದಲ್ಲಿ ಕಂಬಳಿ ಹೊದ್ದ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ರೈತರು ಮಳೆಬೆಳೆಗೆ ಅನ್ವಯಿಸಿಕೊಳ್ಳುತ್ತಾರೆ. ಅಷ್ಟು ಚಿಕ್ಕ ವಾಕ್ಯಕ್ಕೆ ಅಷ್ಟು ವ್ಯಾಖ್ಯಾನವನ್ನು ಯಾವ ಭಾಷ್ಯಕಾರನೂ ಬರೆದಿರಲಾರನು! ಅದನ್ನು ಪಾಠ್ಯವೆಂದು ನಾವು ಎಣಿಸಲೇ ಇಲ್ಲ.

ಹಾಗೆಂದು ಸೊಂಥೈಮರ್ ಅವರ ಮತವೆಲ್ಲ ನಿರ್ವಿವಾದವಲ್ಲ. ಅವರು ವನವೆಂದೂ ಕ್ಷೇತ್ರವೆಂದೂ ಎರಡು ಲೋಕಗಳನ್ನು ಕಲ್ಪಿಸಿ, ಉತ್ತು ನೆಲಸಿದ ನಾಡನ್ನು ಕ್ಷೇತ್ರವೆಂದರು. ಎರಡರ ನಡುವಣ ಸಂಚಾರವನ್ನೂ ಗುರುತಿಸಿದರು. ಆದರೆ ಕ್ಷೇತ್ರಶಬ್ದಕ್ಕೆ ಹೊಲವೆಂಬಂತೆ ಪುಣ್ಯಸ್ಥಳವೆಂಬ ಅರ್ಥವೂ ಉಂಟು. ಗೀತೆಯಲ್ಲಂತೂ ಶರೀರವೇ ಕ್ಷೇತ್ರ. ವನದಿಂದ ಬಂದನೆನ್ನುವ ಮೈಲಾರನ ಊರನ್ನು ಭಕ್ತರು ಕ್ಷೇತ್ರವೆಂದೇ ಕರೆಯುತ್ತಾರೆ. ಈ ಪದವನ್ನು ಅವರು ಯಾವ ಅರ್ಥದಲ್ಲಿ ಆಡುತ್ತಾರೆಂಬುದನ್ನು ಕೋಶದಲ್ಲಿಯೂ ಜಾತ್ರೆಯಲ್ಲಿಯೂ ಕೂಡಿಯೇ ವಿಚಾರಿಸಬೇಕಾಗಿದೆ.